ಹೊಕ್ಕುಳಲ್ಲೊಂದು ದಾರಿ

ಹೋದ ವರ್ಷ ನನ್ನ ತಂಗಿಗೆ ಏಳು ತಿಂಗಳಿಗೇ ಹೆರಿಗೆಯಾಯ್ತು. ಮಗು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಲು ಅರಗಿಸಿಕೊಳ್ಳೋಷ್ಟು ಕರುಳು ಬಲಿತಿರಲಿಲ್ಲ. ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ಕ್ಯಾಥೆಟರ್ ಹಾಕಿ ಅದರಲ್ಲೇ ಆಹಾರ ಕೊಡಬೇಕು ಅಂತ ಡಾಕ್ಟರು ಒಪ್ಪಿಗೆ ಪತ್ರ ಮುಂದಿಟ್ಟರು. ಅದರಲ್ಲಿದ್ದ ಅಪಾಯಗಳ ಪಟ್ಟಿ ಓದಿ ತಂಗಿ ಗಂಡನ ಕೈ ನಡುಗಿತು. ಸಹಿಯೇನೋ ಆಯ್ತು. ಆದರೆ ಇಷ್ಟುದ್ದದ ಪಟ್ಟಿ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಕಥೆ ಶುರುವಾಗೋದು 1940ರ ದಶಕದ ಬಾಸ್ಟನ್‌ನಲ್ಲಿ. ತಾಯಿ ಮಗುವಿನ ಆರ್‌ಎಚ್ ಹೊಂದಾಣಿಕೆಯಾಗದೆ, ಹುಟ್ಟುತ್ತಲೇ ಕಾಮಾಲೆಯಾಗಿ ಸಾಯುತ್ತಿದ್ದ ಶಿಶುಗಳ ರಕ್ತ ಬದಲಾಯಿಸಲು ಡಾ. ಲೂಯಿಸ್ ಡೈಮಂಡ್ ಹೊಕ್ಕುಳಿನ ನಾಳಕ್ಕೆ ಪ್ಲಾಸ್ಟಿಕ್ ಕೊಳವೆ ತೂರಿಸಿದರು. ಹುಟ್ಟಿದ ಮೇಲೂ ಕೆಲವು ದಿನ ಈ ದಾರಿ ಪೂರ್ತಿ ಮುಚ್ಚಿರುವುದಿಲ್ಲ. ಕೂದಲೆಳೆಯಂಥ ನಾಳ ಹುಡುಕಿ ಚುಚ್ಚೋ ಪಾಡು ತಪ್ಪಿತು.

1968ರಲ್ಲಿ ಫಿಲಡೆಲ್ಫಿಯಾದ ವಿಲ್ಮೋರ್ ಮತ್ತು ಡಡ್ರಿಕ್, ಕರುಳು ಕೆಲಸಕ್ಕೆ ಬಾರದ ಒಂದು ಹೆಣ್ಣುಮಗುವನ್ನು ಬರೀ ರಕ್ತನಾಳದ ಮೂಲಕ ಆಹಾರ ಕೊಟ್ಟು ಬೆಳೆಸಿದ್ದನ್ನು ಪ್ರಕಟಿಸಿದರು. ಅವರು ಬಳಸಿದ್ದು ಕತ್ತಿನ ನಾಳ. ಮುಂದೆ ಹೊಕ್ಕುಳಿನ ದಾರಿಯೂ ಈ ಕೆಲಸಕ್ಕೆ ಬಂತು. ಕೆಲವೇ ಗಂಟೆ ಇರುತ್ತಿದ್ದ ಕೊಳವೆ ದಿನಗಟ್ಟಲೆ ಉಳಿಯತೊಡಗಿತು.

ತೊಡಕು ಇರೋದು ಅಲ್ಲೇ. ಹೊಕ್ಕುಳಿನಿಂದ ಹೃದಯಕ್ಕೆ ಹೋಗೋ ದಾರಿ ಲಿವರ್ ಮೂಲಕ ಹಾಯುತ್ತೆ. ಕೊಳವೆಯ ತುದಿ ಅಲ್ಲೇ ಸಿಕ್ಕಿಕೊಂಡರೆ ಗಟ್ಟಿ ಸಕ್ಕರೆ ದ್ರಾವಣ ಸೋರಿ ಲಿವರ್ ಕೆಡಬಹುದು. ತೀರಾ ಒಳಗೆ ಹೋದರೆ ಹೃದಯದ ಸುತ್ತ ದ್ರವ ತುಂಬಿಕೊಳ್ಳಬಹುದು. ದಿನ ಕಳೆದಷ್ಟೂ ಸೋಂಕಿನ ಭಯ. ಎಲ್ಲಕ್ಕಿಂತ ಮೋಸದ್ದು ಪೋರ್ಟಲ್ ನಾಳದಲ್ಲಿ ರಕ್ತ ಹೆಪ್ಪುಗಟ್ಟೋದು. ಆಗ ಯಾರಿಗೂ ಗೊತ್ತಾಗದೇ ಇರಬಹುದು. ವರ್ಷಗಳ ಮೇಲೆ, ಸ್ಕೂಲಿಗೆ ಹೋಗೋ ಮಗು ಇದ್ದಕ್ಕಿದ್ದಂತೆ ರಕ್ತ ಕಾರಿದಾಗ ಹಳೇ ಫೈಲು ಹುಡುಕಬೇಕಾಗುತ್ತೆ.

ಹಾಗಾದ್ರೆ ಕೊಳವೆ ಎಷ್ಟು ಒಳಗೆ ಹೋಗಬೇಕು? 1966ರಲ್ಲೇ ಪೀಟರ್ ಡನ್ ಅನ್ನೋ ಬ್ರಿಟಿಷ್ ವೈದ್ಯರು ಇದಕ್ಕೊಂದು ಲೆಕ್ಕ ಕೊಟ್ಟಿದ್ದರು. ಭುಜದಿಂದ ಹೊಕ್ಕುಳಿನವರೆಗೆ ಅಳೆದರೆ ಸಾಕು, ಚಾರ್ಟಿನಲ್ಲಿ ಉತ್ತರ ಸಿಗುತ್ತೆ. ಆ ಅಳತೆಗಳನ್ನು ಅವರು ತೆಗೆದದ್ದು ತೀರಿಹೋದ ಶಿಶುಗಳ ದೇಹದಿಂದ. ಇವತ್ತು ತುದಿ ಎಲ್ಲಿದೆ ಅಂತ ಎಕ್ಸ್‌ರೇ, ಅಲ್ಟ್ರಾಸೌಂಡ್‌ನಲ್ಲಿ ನೋಡ್ತಾರೆ, ಒಂದೆರಡು ವಾರದೊಳಗೆ ಕೊಳವೆ ತೆಗೀತಾರೆ. ಆದರೂ ಡನ್‌ರ ಚಾರ್ಟು ಇನ್ನೂ ಬಳಕೆಯಲ್ಲಿದೆ.

ನಮ್ಮ ಪಾಪುವಿಗೆ ಏಳನೇ ದಿನ ಕೊಳವೆ ತೆಗೆದರು. ಅವಳನ್ನು ಎತ್ತಿಕೊಂಡಾಗೆಲ್ಲ, ಹೆಸರು ಕೂಡ ಇಡುವ ಮುಂಚೆ ಹೋಗಿ, ಇವಳಿಗೆ ಅಳತೆ ಬಿಟ್ಟುಹೋದ ಆ ಮಕ್ಕಳೂ ನನಗೆ ನೆನಪಾಗ್ತವೆ.