ಕಿಟಕಿಯ ಗಾಜೂ ಶುದ್ಧಜಲದ ಪೊರೆಯೂ
(ಹಿಮ್ಮುಖ ಅಭಿಸರಣ ಯಂತ್ರದ ಸಂರಕ್ಷಣಕ್ರಮದ ಚರಿತ್ರೆ)

ಕಿಟಕಿಯ ಗಾಜನ್ನು ತೊಳೆದು ಒರಸದೆ ಬಿಟ್ಟರೆ, ನೀರು ಆರಿದ ಮೇಲೆ ಅದರ ಮೇಲೆ ಬಿಳಿಯ ಕಲೆಗಳು ಉಳಿಯುವುದು ಎಲ್ಲರೂ ಬಲ್ಲ ಸಂಗತಿ. ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ್ದ ಸುಣ್ಣ ಮೊದಲಾದ ಲವಣಗಳು ಗಾಜಿನ ಮೇಲೆಯೇ ನಿಲ್ಲುತ್ತವೆ. ಲವಣವಿಲ್ಲದ ನೀರಾದರೆ ಕಲೆಯೂ ಇಲ್ಲ, ಒರಸುವ ಕೆಲಸವೂ ಇಲ್ಲ. ಈ ಸಾಮಾನ್ಯ ಸಂಗತಿಯನ್ನು ಆಧಾರವಾಗಿಟ್ಟುಕೊಂಡು ಇಂಗ್ಲೆಂಡಿನಲ್ಲಿ ಕಿಟಕಿ ತೊಳೆಯುವವರ ವೃತ್ತಿಯೇ ಮಾರ್ಪಟ್ಟಿದೆ. ಹಿಂದೆ ಏಣಿಯನ್ನೇರಿ ಬಟ್ಟೆಯಿಂದಲೂ ರಬ್ಬರಿನ ಅಲಗಿನಿಂದಲೂ ಗಾಜನ್ನು ಒರಸುತ್ತಿದ್ದವನು, ಈಗ ಬಹುಮಟ್ಟಿಗೆ ನೆಲದ ಮೇಲೆಯೇ ನಿಂತು, ನೀಳವಾದ ಕೋಲಿನ ತುದಿಯಲ್ಲಿರುವ ಕುಂಚಕ್ಕೆ ಕೊಳವೆಯ ಮೂಲಕ ಶುದ್ಧಜಲವನ್ನು ಹಾಯಿಸಿ, ಗಾಜನ್ನು ಉಜ್ಜಿ ತೊಳೆದು ಹಾಗೆಯೇ ಆರಲು ಬಿಡುತ್ತಾನೆ. ಆ ನೀರನ್ನು ಸಿದ್ಧಪಡಿಸುವುದು ಹಿಮ್ಮುಖ ಅಭಿಸರಣ ಯಂತ್ರ. ಜನರ ಬಾಯಲ್ಲಿ ಅದು ಆರ್‌ಓ.

ಈ ಯಂತ್ರವನ್ನು ಕಾಪಾಡುವ ಕ್ರಮವು ಕೈಪಿಡಿಗಳಲ್ಲಿ ಬರಿಯ ವಿಧಿನಿಷೇಧಗಳ ಪಟ್ಟಿಯಾಗಿ ದೊರೆಯುತ್ತದೆ: ಇದ್ದಲಿನ ಶೋಧಕವನ್ನು ಕಾಲಕಾಲಕ್ಕೆ ಬದಲಾಯಿಸತಕ್ಕದ್ದು, ಪೊರೆಯನ್ನು ಒಣಗಗೊಡಿಸಬಾರದು, ತ್ಯಾಜ್ಯದ ಕವಾಟವನ್ನು ಮುಚ್ಚಬಾರದು, ಇತ್ಯಾದಿ. ಕಾರಣವನ್ನು ಹೇಳದ ವಿಧಿ ಬಹುಕಾಲ ನಡೆಯುವುದಿಲ್ಲ. ಈ ಒಂದೊಂದು ವಿಧಿಯೂ ಪೊರೆಯ ಚರಿತ್ರೆಯಲ್ಲಿ ಎದುರಾದ ಒಂದೊಂದು ತೊಡಕಿಗೆ ದೊರೆತ ಉತ್ತರವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೧

ಅಭಿಸರಣವು ಮೊದಲು ಗಮನಕ್ಕೆ ಬಂದದ್ದು ೧೭೪೮ರಲ್ಲಿ. ಫ್ರಾನ್ಸಿನ ನೊಲೆ ಎಂಬ ಪಂಡಿತನು ಮದ್ಯಸಾರವನ್ನು ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟನು. ನೀರು ಒಳಕ್ಕೆ ಸೇರಿ ಪೊರೆಯು ಉಬ್ಬಿತು. ಬಳಿಕ ೧೮೬೭ರಲ್ಲಿ ಟ್ರೌಬೆ ಎಂಬವನು ರಾಸಾಯನಿಕ ವಿಧಾನದಿಂದ ಕೃತಕ ಪೊರೆಯನ್ನು ಸೃಷ್ಟಿಸಿದನು. ೧೮೭೭ರಲ್ಲಿ ಫೆಫರ್ ಎಂಬ ಸಸ್ಯಶಾಸ್ತ್ರಜ್ಞನು ಮಣ್ಣಿನ ಕುಡಿಕೆಯ ರಂಧ್ರಗಳಲ್ಲಿ ಅಂತಹ ಪೊರೆಯನ್ನು ನೆಲೆಗೊಳಿಸಿ, ಸಕ್ಕರೆಯ ದ್ರಾವಣದ ಅಭಿಸರಣ ಒತ್ತಡವನ್ನು ಅಳೆದನು. ಆ ಅಳತೆಗಳಿಂದ ನಿಯಮವನ್ನು ಕಂಡುಕೊಂಡ ವಾನ್ಟ್ ಹಾಫನಿಗೆ ೧೯೦೧ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನವು ದೊರೆಯಿತು.

ತಿಳಿನೀರು ಪೊರೆಯನ್ನು ದಾಟಿ ಲವಣದ ನೀರಿನ ಕಡೆಗೆ ಹರಿಯುವುದು ಸ್ವಭಾವ. ಲವಣದ ನೀರಿನ ಮೇಲೆ ಅಭಿಸರಣ ಒತ್ತಡಕ್ಕಿಂತ ಮಿಗಿಲಾದ ಒತ್ತಡವನ್ನು ಹೇರಿದರೆ ಹರಿವು ಹಿಂತಿರುಗುತ್ತದೆ. ನೀರು ದಾಟುತ್ತದೆ, ಲವಣವು ಹಿಂದುಳಿಯುತ್ತದೆ. ತತ್ತ್ವವು ಇಷ್ಟು ಸರಳವಾಗಿದ್ದರೂ, ಒತ್ತಡವನ್ನು ತಾಳಿಕೊಂಡು ಲವಣವನ್ನು ತಡೆಯಬಲ್ಲ ಪೊರೆಯು ದೊರೆಯುವವರೆಗೆ ಅದು ಗ್ರಂಥದಲ್ಲಿಯೇ ಉಳಿಯಿತು.

೨

ಅಮೆರಿಕದ ಸಂಯುಕ್ತ ಸಂಸ್ಥಾನಗಳು ೧೯೫೨ರಲ್ಲಿ ಉಪ್ಪುನೀರನ್ನು ಸಿಹಿನೀರಾಗಿಸುವ ಸಂಶೋಧನೆಗೆಂದು ಕಾಯಿದೆಯೊಂದನ್ನು ಮಾಡಿದುವು. ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ರೀಡ್ ಮತ್ತು ಬ್ರೆಟನ್ ಎಂಬವರು ಸೆಲ್ಯುಲೋಸ್ ಅಸಿಟೇಟಿನ ಹಾಳೆಯು ಲವಣವನ್ನು ತಡೆಯುವುದೆಂದು ಸಿದ್ಧಪಡಿಸಿದರು. ಆದರೆ ಅದರ ಮೂಲಕ ಬಂದ ನೀರು ಬಳಕೆಗೆ ಸಾಲದಷ್ಟು ಅಲ್ಪ. ತೊಡಕನ್ನು ಬಿಡಿಸಿದವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲ್ಸ್ ಶಾಖೆಯ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಜನಿಸಿದ ಶ್ರೀನಿವಾಸ ಸೌರಿರಾಜನ್. ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದ ಪೊರೆಯೊಂದನ್ನು ನೀರಿನಲ್ಲಿ ಕಾಯಿಸಿ ಪರೀಕ್ಷಿಸುತ್ತಿದ್ದಾಗ, ಅದರ ಒಂದು ಮೈಯನ್ನು ಉಪ್ಪುನೀರಿನ ಕಡೆಗೆ ಇಟ್ಟರೆ ಲವಣವು ತಡೆಯಲ್ಪಡುವುದೆಂದೂ, ಮಗುಚಿ ಇಟ್ಟರೆ ಆ ಗುಣವು ತೋರದೆಂದೂ ಅವರಿಗೆ ಕಂಡುಬಂದಿತು. ಎರಡು ಮೈಗಳೂ ಒಂದೇ ಬಗೆಯವಲ್ಲವೆಂಬ ಈ ಸುಳಿವಿನಿಂದ, ಅವರು ೧೯೬೦ರ ಸುಮಾರಿಗೆ ಹೊಸ ಪೊರೆಯನ್ನು ರಚಿಸಿದರು. ಅದರ ಮೇಲುಮೈಯಲ್ಲಿ ಅತಿ ತೆಳುವಾದ ಬಿಗಿಚರ್ಮ. ಕೆಳಗೆ ಅದಕ್ಕೆ ಆಧಾರವಾದ ಸರಂಧ್ರ ಪದರ. ಲವಣವನ್ನು ತಡೆಯುವ ಭಾಗವು ತೆಳುವಾದಷ್ಟೂ ನೀರು ಬೇಗನೆ ದಾಟಿತು. ೧೯೬೫ರಲ್ಲಿ, ಹಿಂದೆ ಕುಡಿಯುವ ನೀರನ್ನು ರೈಲಿನಲ್ಲಿ ತರಿಸಿಕೊಳ್ಳುತ್ತಿದ್ದ ಕ್ಯಾಲಿಫೋರ್ನಿಯದ ಕೋಲಿಂಗ ಎಂಬ ಊರಿಗೆ ಈ ವಿಧಾನದ ನೀರು ದೊರೆಯಿತು.

ಸಂರಕ್ಷಣೆಯ ಮೊದಲನೆಯ ಎರಡು ವಿಧಿಗಳ ಬೀಜವು ಇಲ್ಲಿಯೇ ಇದೆ. ಯಂತ್ರದ ಶಕ್ತಿಯೆಲ್ಲವೂ ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ಚರ್ಮದಲ್ಲಿ ಅಡಗಿರುವುದರಿಂದ, ಮರಳು, ತುಕ್ಕು, ಕೆಸರುಗಳು ಅದನ್ನು ಮುಟ್ಟಬಾರದು; ಆದಕಾರಣ ಮೊದಲು ಕಶ್ಮಲವನ್ನು ಹಿಡಿಯುವ ಶೋಧಕ. ಎರಡನೆಯದಾಗಿ, ತಡೆಯಲ್ಪಟ್ಟ ಲವಣವೆಲ್ಲವೂ ಆ ಚರ್ಮದ ಮೇಲೆಯೇ ದಟ್ಟವಾಗುತ್ತದೆ. ಅದನ್ನು ಒಯ್ಯುವುದಕ್ಕೆ ನೀರಿನ ಒಂದು ಭಾಗವು ಸದಾ ಹೊರಕ್ಕೆ ಹರಿಯುತ್ತಿರಬೇಕು. ಹೊರಹೋಗುವ ನೀರನ್ನು ಕಂಡು ಮರುಗಿ ಕವಾಟವನ್ನು ಬಿಗಿಯುವವನು ನೀರನ್ನು ಉಳಿಸಿದಂತೆ ತೋರಿದರೂ, ಪೊರೆಯ ಮೇಲೆ ಸುಣ್ಣದ ಹೆಪ್ಪನ್ನು ಬೆಳೆಸುತ್ತಾನೆ. ಉಳಿತಾಯಕ್ಕೆ ಉಚಿತವಾದ ದಾರಿಯೆಂದರೆ ಆ ತ್ಯಾಜ್ಯವನ್ನು ಬೇರೆ ಕೆಲಸಕ್ಕೆ ಬಳಸುವುದು.

೩

ಸೆಲ್ಯುಲೋಸ್ ಅಸಿಟೇಟಿನ ಪೊರೆಯಲ್ಲಿ ಎರಡು ದೋಷಗಳಿದ್ದುವು. ಕ್ಷಾರವೋ ಆಮ್ಲವೋ ಹೆಚ್ಚಾದ ನೀರಿನಲ್ಲಿ ಅದು ವಿಘಟಿಸುತ್ತಿತ್ತು. ಸೂಕ್ಷ್ಮಜೀವಿಗಳು ಅದನ್ನು ತಿಂದು ಕೆಡಿಸುತ್ತಿದ್ದುವು. ಆದುದರಿಂದ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಇರುವುದು ಆ ಪೊರೆಗೆ ರಕ್ಷೆಯಾಗಿದ್ದಿತು. ೧೯೭೦ರ ದಶಕದಲ್ಲಿ ಅಮೆರಿಕದ ಮಿನಿಸೋಟದಲ್ಲಿ ಜಾನ್ ಕೆಡಾಟ್ ಎಂಬವನು, ಸರಂಧ್ರವಾದ ಆಧಾರದ ಮೇಲೆ ಪಾಲಿಅಮೈಡಿನ ಅತಿ ತೆಳುವಾದ ಲೇಪವನ್ನು ಉಂಟುಮಾಡುವ ರೀತಿಯನ್ನು ಸಾಧಿಸಿದನು. ಅದರ ಹಕ್ಕುಪತ್ರವು ೧೯೮೧ರಲ್ಲಿ ದೊರೆಯಿತು. ಈ ಹೊಸ ಪೊರೆಯು ಕಡಿಮೆ ಒತ್ತಡದಲ್ಲಿಯೇ ಹೆಚ್ಚು ನೀರನ್ನು ಕೊಟ್ಟಿತು, ಲವಣವನ್ನು ಇನ್ನೂ ಚೆನ್ನಾಗಿ ತಡೆಯಿತು, ಸೂಕ್ಷ್ಮಜೀವಿಗಳ ಬಾಯಿಗೂ ಸುಲಭವಾಗಿ ತುತ್ತಾಗಲಿಲ್ಲ. ಇಂದು ಕಿಟಕಿ ತೊಳೆಯುವವನ ವ್ಯಾನಿನಲ್ಲಿ ಇರುವುದು ಇದರ ಸಂತತಿಯೇ.

ಆದರೆ ಹಿಂದಿನ ಪೊರೆಗೆ ರಕ್ಷಕವಾಗಿದ್ದ ಕ್ಲೋರಿನ್ ಈ ಪೊರೆಗೆ ಮೃತ್ಯುವಾಯಿತು. ನೀರಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಕ್ಲೋರಿನ್ ಇದ್ದರೂ ಕೆಲವು ನೂರು ಗಂಟೆಗಳಲ್ಲಿ ಪಾಲಿಅಮೈಡಿನ ಚರ್ಮವು ಶಿಥಿಲವಾಗಿ ಲವಣವನ್ನು ಒಳಕ್ಕೆ ಬಿಡಲಾರಂಭಿಸುತ್ತದೆ. ನಗರದ ನಲ್ಲಿಯ ನೀರಿನಲ್ಲಿಯಾದರೋ ಆರೋಗ್ಯರಕ್ಷಣೆಗಾಗಿ ಕ್ಲೋರಿನ್ ಇದ್ದೇ ಇರುತ್ತದೆ. ಇದ್ದಲಿನ ಶೋಧಕವು ಯಂತ್ರದಲ್ಲಿ ಪೊರೆಗೆ ಮುಂದಾಗಿ ನಿಂತಿರುವುದರ ಕಾರಣವು ಇದೇ. ಸುಣ್ಣದ ಹೆಪ್ಪನ್ನು ಸಿಟ್ರಿಕ್ ಆಮ್ಲದಿಂದಲೂ, ಜೀವಜನ್ಯವಾದ ಜಿಗುಟನ್ನು ಕ್ಷಾರದಿಂದಲೂ ತೊಳೆದು ಪೊರೆಯನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವುದು ಸಾಧ್ಯವುಂಟು. ಕ್ಲೋರಿನ್ನಿನಿಂದಾದ ಹಾನಿಗೆ ಪರಿಹಾರವಿಲ್ಲ. ಅಲ್ಪ ಬೆಲೆಯ ಇದ್ದಲನ್ನು ಬದಲಾಯಿಸಲು ಉದಾಸೀನನಾದವನು ಹೆಚ್ಚು ಬೆಲೆಯ ಪೊರೆಯನ್ನು ಕಳೆದುಕೊಳ್ಳುತ್ತಾನೆ.

ಇದರ ಹಿಂದೆಯೇ ಇನ್ನೊಂದು ತೊಡಕು. ಕ್ಲೋರಿನ್ನನ್ನು ತೆಗೆದ ನೀರಿಗೆ ಕಾವಲಿಲ್ಲ. ಯಂತ್ರವನ್ನು ನಿಲ್ಲಿಸಿ ದಿನಗಟ್ಟಲೆ ಬಿಟ್ಟರೆ ಪೊರೆಯ ಮೇಲೆ ಸೂಕ್ಷ್ಮಜೀವಿಗಳ ಜಿಗುಟು ಬೆಳೆಯುತ್ತದೆ. ಒಣಗಲು ಬಿಟ್ಟರೆ ಪೊರೆಯ ಗುಣವೇ ಕುಂದುತ್ತದೆ. ಆದುದರಿಂದ ಆಗಾಗ್ಗೆ ನೀರನ್ನು ಹಾಯಿಸುವುದು, ದೀರ್ಘಕಾಲ ನಿಲ್ಲಿಸಬೇಕಾದರೆ ಸೋಡಿಯಮ್ ಮೆಟಾಬೈಸಲ್ಫೈಟಿನಂತಹ ರಕ್ಷಕದ್ರಾವಣದಲ್ಲಿ ತೇವವಾಗಿಯೇ ಇಡುವುದು, ಎಂಬ ವಿಧಿಗಳು ಏರ್ಪಟ್ಟುವು.

೪

ಪೊರೆಯನ್ನು ದಾಟಿದ ನೀರಿನಲ್ಲಿಯೂ ಲವಣದ ಲೇಶವು ಉಳಿದಿರುತ್ತದೆ. ಅದನ್ನು ತೆಗೆಯುವುದಕ್ಕೆ ಅಯಾನು ವಿನಿಮಯದ ರಾಳ. ಕೃತಕವಾದ ಇಂತಹ ರಾಳವನ್ನು ೧೯೩೫ರಲ್ಲಿ ಪ್ರಕಟಪಡಿಸಿದವರು ಇಂಗ್ಲೆಂಡಿನ ಟೆಡ್ಡಿಂಗ್ಟನ್ನಿನ ಪ್ರಯೋಗಶಾಲೆಯ ಆಡಮ್ಸ್ ಮತ್ತು ಹೋಮ್ಸ್. ಲವಣವನ್ನು ಹೀರಿ ಹೀರಿ ರಾಳವು ಒಮ್ಮೆ ತೀರಿಹೋಗುತ್ತದೆ. ಆದಕಾರಣ ಅದರ ಆಯುಸ್ಸು ಪೊರೆಯ ಆರೋಗ್ಯವನ್ನು ಅವಲಂಬಿಸಿದೆ. ಆಗ್ನೇಯ ಇಂಗ್ಲೆಂಡಿನ ಸೀಮೆಸುಣ್ಣದ ಬಂಡೆಗಳಿಂದ ಬರುವ ನೀರು ಬಹಳ ಗಡಸು. ಒಂದು ಲೀಟರಿಗೆ ೩೦೦ ಮಿಲಿಗ್ರಾಮ್ ಲವಣವಿರುವ ನೀರೆಂದು ಭಾವಿಸಿದರೆ, ನೂರಕ್ಕೆ ೯೭ ಪಾಲನ್ನು ತಡೆಯುವ ಪೊರೆಯು ರಾಳಕ್ಕೆ ಬಿಡುವುದು ೯ ಮಿಲಿಗ್ರಾಮ್. ಆ ಪ್ರಮಾಣವು ೯೦ಕ್ಕೆ ಇಳಿದರೆ ೩೦ ಮಿಲಿಗ್ರಾಮ್. ಪೊರೆಯಲ್ಲಿ ಅತ್ಯಲ್ಪವಾಗಿ ಕಾಣುವ ಕುಂದು ರಾಳದ ಆಯುಸ್ಸನ್ನು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ ಮಾಡುತ್ತದೆ. ಹೀಗಿರಲಾಗಿ ಕೊನೆಯ ನೀರನ್ನು ಮಾತ್ರ ಅಳೆದರೆ ಸಾಲದು. ನಲ್ಲಿಯ ನೀರು, ಪೊರೆಯ ನೀರು, ರಾಳದ ನೀರು, ಈ ಮೂರನ್ನೂ ಟಿಡಿಎಸ್ ಮಾಪಕದಿಂದ ಅಳೆದು ಬರೆದಿಡಬೇಕು. ಹರಿವು ಕುಗ್ಗಿದರೆ ಪೊರೆಯು ಕಟ್ಟಿದೆಯೆಂದು ಕೂಡಲೆ ನಿರ್ಣಯಿಸುವುದೂ ತಪ್ಪು. ನೀರು ತಣ್ಣಗಾದಂತೆ ಹರಿವು ಸಹಜವಾಗಿಯೇ ಕುಗ್ಗುತ್ತದೆ. ೨೫ ಡಿಗ್ರಿಯಲ್ಲಿ ದೊರೆಯುವುದರ ಸುಮಾರು ಅರ್ಧವಷ್ಟೇ ೫ ಡಿಗ್ರಿಯಲ್ಲಿ ದೊರೆಯುವುದು. ಹೆಪ್ಪುಗಟ್ಟಿದ ನೀರಾದರೋ ಪೊರೆಯನ್ನೇ ಒಡೆಯಬಲ್ಲುದು. ಚಳಿಗಾಲದ ರಾತ್ರಿಗಳಲ್ಲಿ ವ್ಯಾನನ್ನು ಬೆಚ್ಚಗಿಡಬೇಕಾಗುವುದು ಅದಕ್ಕಾಗಿ.

೫

ಇಷ್ಟು ಶ್ರಮವು ಬರಿಯ ಗಾಜಿನ ಹೊಳಪಿಗಾಗಿಯೆ? ಅಲ್ಲ. ಬ್ರಿಟನ್ನಿನಲ್ಲಿ ೨೦೦೫ರ ಏಪ್ರಿಲಿನಲ್ಲಿ ಜಾರಿಗೆ ಬಂದ ಎತ್ತರದ ಕೆಲಸದ ನಿಯಮಗಳ ಮೊದಲನೆಯ ಆಜ್ಞೆಯೆಂದರೆ, ಸಾಧ್ಯವಿರುವಲ್ಲಿ ಎತ್ತರಕ್ಕೆ ಏರುವುದನ್ನೇ ತಪ್ಪಿಸತಕ್ಕದ್ದು ಎಂಬುದು. ಶುದ್ಧಜಲದ ಕೋಲು ಅದಕ್ಕೂ ಮೊದಲೇ ಬಳಕೆಯಲ್ಲಿದ್ದರೂ, ಈ ಆಜ್ಞೆಯು ಅದಕ್ಕೆ ಹೊಸ ಬಲವನ್ನು ಕೊಟ್ಟಿತು. ಆದರೆ ನೀರು ಶುದ್ಧವಾಗಿಲ್ಲದಿದ್ದರೆ ಗಾಜಿನಲ್ಲಿ ಕಲೆ ನಿಲ್ಲುತ್ತದೆ. ಕಲೆ ನಿಂತರೆ ಒರಸಬೇಕು. ಒರಸಬೇಕಾದರೆ ಮತ್ತೆ ಏಣಿ. ತೀರಿಹೋದ ಇದ್ದಲಿನ ಶೋಧಕಕ್ಕೂ ಮನುಷ್ಯನ ಪ್ರಾಣಕ್ಕೂ ಇರುವ ಸಂಬಂಧವು ಇಷ್ಟು ಹತ್ತಿರದ್ದು.

ಕನ್ನಡನಾಡಿಗೂ ಈ ವಿಚಾರವು ದೂರದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿಯೂ ಪಾವಗಡದ ಪ್ರಾಂತದಲ್ಲಿಯೂ ಕೊಳವೆಬಾವಿಗಳ ನೀರು ಫ್ಲೋರೈಡಿನಿಂದ ದೂಷಿತವಾಗಿರುವುದರಿಂದ, ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಸ್ಥಾಪಿತವಾಗಿವೆ. ಅವುಗಳ ಹೃದಯವೂ ಇದೇ ಪೊರೆ. ಆದರೆ ಕ್ಲೋರಿನ್ ಬೆರಸದ ಕೊಳವೆಬಾವಿಯ ನೀರಿನಲ್ಲಿ ಪೊರೆಯ ಮುಖ್ಯ ವೈರಿ ಸುಣ್ಣ, ಸಿಲಿಕಗಳ ಹೆಪ್ಪು. ಅಲ್ಲಿ ತ್ಯಾಜ್ಯದಲ್ಲಿ ಫ್ಲೋರೈಡು ದಟ್ಟವಾಗಿರುವುದರಿಂದ ಅದನ್ನು ಬಿಡುವ ಜಾಗವನ್ನೂ ಆಲೋಚಿಸಬೇಕು. ಲಂಡನ್ನಿನ ವಿಧಿಯನ್ನು ಹಾಗೆಯೇ ಕೋಲಾರಕ್ಕೆ ತರುವುದು, ಒಂದು ಪ್ರತಿಯ ತಿದ್ದುಪಡಿಯನ್ನು ಇನ್ನೊಂದು ಪ್ರತಿಯ ಮೇಲೆ ಹೊರಿಸಿದಂತೆ. ಯಾವ ವಿಧಿಯು ಯಾವ ತೊಡಕಿನಿಂದ ಹುಟ್ಟಿತೆಂಬುದನ್ನು ಅರಿತವನು ಮಾತ್ರ ಎಲ್ಲಿ ಅದನ್ನು ಪಾಲಿಸಬೇಕು, ಎಲ್ಲಿ ಮಾರ್ಪಡಿಸಬೇಕು ಎಂಬುದನ್ನು ನಿರ್ಣಯಿಸಬಲ್ಲನು. ಪೊರೆಯನ್ನು ಕಂಡುಹಿಡಿದವರ ಹೆಸರುಗಳು ಗ್ರಂಥಗಳಲ್ಲಿ ನಿಂತಿವೆ. ಅವರ ಸಾಧನೆಯನ್ನು ಸಾರ್ಥಕಪಡಿಸುವ ಭಾರವು ದಿನವೂ ಮೂರು ಅಳತೆಗಳನ್ನು ಬರೆದಿಡುವವನ ಮೇಲೆ ಬಿದ್ದಿದೆ.