ಚಾಕೋ ಕಣಿವೆಯ ಗುಲಾಬಿ ಚರ್ಟ್: ವ್ಯಾಪಾರವೋ, ಜತೆಹೊರೆಯೋ?

ಕ್ರಿ.ಶ. 850ರಿಂದ 1150ರ ನಡುವೆ ಇಂದಿನ ನ್ಯೂ ಮೆಕ್ಸಿಕೋದ ಚಾಕೋ ಕಣಿವೆಯಲ್ಲಿ ಪ್ಯೂಬ್ಲೊ ಜನರ ಪೂರ್ವಜರು ನೂರಾರು ಕೋಣೆಗಳ ಮಹಾಮನೆಗಳನ್ನು ಕಟ್ಟಿದರು. ಆ ಒಣನೆಲದಲ್ಲಿ ತೊಲೆಗೆ ತಕ್ಕ ಮರಕ್ಕೆ ಬರವಿತ್ತೇ ಹೊರತು ಕಲ್ಲಿಗಲ್ಲ. ಚಕ್ಕೆ ಎಬ್ಬಿಸಲು ಒದಗುವ ಶಿಲೀಭೂತ ಮರ ಸುತ್ತಮುತ್ತಲೇ ಸಿಗುತ್ತಿತ್ತು. ಹಾಗಿದ್ದೂ 11ನೆಯ ಶತಮಾನದಲ್ಲಿ, ಪಶ್ಚಿಮಕ್ಕೆ ಸುಮಾರು 75 ಕಿ.ಮೀ. ದೂರದ ಚುಸ್ಕಾ ಬೆಟ್ಟಸಾಲಿನ ನಾರ್ಬೋನಾ ಪಾಸ್‌ನಿಂದ ಚರ್ಟ್ ಎಂಬ, ಚಕ್ಕೆ ಎಬ್ಬಿಸಲು ಒದಗುವ ಗುಲಾಬಿ ಬಣ್ಣದ ಕಲ್ಲು ಕಣಿವೆಗೆ ಹೇರಳವಾಗಿ ಬಂತು. ದೂರದ ಕಲ್ಲು ಕಂಡೊಡನೆ ವ್ಯಾಪಾರವೆನ್ನುವ ಅವಸರ ನಮ್ಮಲ್ಲಿದೆ. ಇಲ್ಲಿನ ಸಾಕ್ಷ್ಯ ಅದಕ್ಕೆ ಒಪ್ಪುವುದಿಲ್ಲ.

ಪುರಾತತ್ತ್ವಜ್ಞೆ ಕ್ಯಾಥರೀನ್ ಕ್ಯಾಮೆರಾನ್ ತೋರಿಸಿದಂತೆ, ಈ ಚರ್ಟ್ ಹೆಚ್ಚಾಗಿ ಸಿಕ್ಕಿರುವುದು ಸಿದ್ಧ ಆಯುಧಗಳ ರೂಪದಲ್ಲಲ್ಲ, ಸಾಧಾರಣ ಚಕ್ಕೆಗಳಾಗಿ. ಅದೂ ಪ್ಯೂಬ್ಲೊ ಆಲ್ಟೊದಂಥ ಮಹಾಮನೆಯ ಕಸದ ದಿಬ್ಬದಲ್ಲಿ. ಬೆಲೆ ತೆತ್ತು ತರಿಸಿದ ಸರಕನ್ನು ಹೀಗೆ ಒಡೆದು ಚೆಲ್ಲುವುದು ವಿಚಿತ್ರ. ಇದರೊಡನೆ ಮರದ ಸಾಕ್ಷ್ಯವನ್ನಿಟ್ಟು ನೋಡಬೇಕು. 2016ರ ವೃಕ್ಷವಲಯ ಅಧ್ಯಯನದ ಪ್ರಕಾರ 1020ಕ್ಕೆ ಮೊದಲು ತೊಲೆಗಳು ಮುಖ್ಯವಾಗಿ ದಕ್ಷಿಣದ ಝೂನಿ ಬೆಟ್ಟಗಳಿಂದ ಬರುತ್ತಿದ್ದವು. 1060ರ ಹೊತ್ತಿಗೆ ಚುಸ್ಕಾ ಪ್ರಧಾನ ಮೂಲವಾಗಿತ್ತು. ಚುಸ್ಕಾ ಸೀಮೆಯ ಮಡಕೆಗಳೂ ಕಣಿವೆಗೆ ಬಂದಿವೆ. ಮರ, ಮಡಕೆ, ಕಲ್ಲು ಒಂದೇ ದಿಕ್ಕಿನಿಂದ ಬಂದಿರುವಾಗ, ಕಲ್ಲಿಗೊಂದು ಪ್ರತ್ಯೇಕ ಮಾರುಕಟ್ಟೆಯನ್ನು ಕಲ್ಪಿಸುವುದಕ್ಕಿಂತ ಕಟ್ಟಡಕ್ಕಾಗಿ, ಕೂಟಗಳಿಗಾಗಿ ಬಂದ ಚುಸ್ಕಾದ ಜನರೇ ಅದನ್ನು ತಂದರೆನ್ನುವುದು ಹೆಚ್ಚು ಯುಕ್ತ.

ಗುಲಾಬಿ ಚರ್ಟನ್ನು ಗುರುತಿಸುವುದು ಬಹುತೇಕ ಕಣ್ಣಳತೆಯಿಂದ ಎಂಬ ಆಕ್ಷೇಪ ಹಗುರವಾದುದಲ್ಲ. ಪ್ರಯೋಗಾಲಯವೂ ಎಡವಿದ್ದುಂಟು: ಚಾಕೋದ ಜ್ವಾಲಾಮುಖಿ ಗಾಜಿನ ಅನೇಕ ತುಣುಕುಗಳನ್ನು 1980ರ ದಶಕದಲ್ಲಿ ದೂರದ ರೆಡ್ ಹಿಲ್‌ನವೆಂದು ಹೇಳಲಾಗಿತ್ತು, 2012ರ ಎಕ್ಸ್‌ರೇ ಫ್ಲೋರೆಸೆನ್ಸ್ ಮರುಪರೀಕ್ಷೆ ಹತ್ತಿರದ ಮೌಂಟ್ ಟೇಲರ್ ಮತ್ತು ಹೆಮೆಸ್ ಬೆಟ್ಟಗಳತ್ತ ಬೆರಳು ಮಾಡಿತು. ಒಂದು ಮೂಲದ ಗಾಜಿನ ರಾಸಾಯನಿಕ ಗುರುತು ಒಂದೇ ಸಮನಾಗಿರುತ್ತದೆ. ಚರ್ಟ್‌ನದು ಒಂದೇ ಬಂಡೆಯೊಳಗೂ ಬದಲಾಗುತ್ತದೆ, ಹಾಗಾಗಿ ಅದರ ಮೂಲದ ಪತ್ತೆ ಇನ್ನೂ ಕಷ್ಟ. ಆದರೆ ಕಣ್ಣಿನ ತಪ್ಪು ಎಲ್ಲ ಕಾಲದ ಪದರಗಳಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಚುಸ್ಕಾದ ತೊಲೆಗಳು ಹೆಚ್ಚಿದ ಶತಮಾನದಲ್ಲೇ ಈ ಚರ್ಟ್ ಏರುವಂತೆ ಮಾಡಲು ಅದಕ್ಕೆ ಸಾಧ್ಯವಿಲ್ಲ.

ಗಾಲಿಯಾಗಲಿ ಎತ್ತಾಗಲಿ ಇಲ್ಲದ ನಾಡಿನಲ್ಲಿ, ಹತ್ತಿರದಲ್ಲೇ ಕಲ್ಲಿರುವಾಗ ಈ ಹೆಚ್ಚಿನ ಭಾರವನ್ನು ಯಾರು ಹೊತ್ತಾರು ಎಂದೂ ಕೇಳಬಹುದು. ಈ ಪ್ರಶ್ನೆ ವ್ಯಾಪಾರವಾದವನ್ನೇ ಹೆಚ್ಚು ಕಾಡುತ್ತದೆ. ಉಪಯುಕ್ತತೆಯೊಂದೇ ಕಾರಣವಾಗಿದ್ದರೆ ಈ ಕಲ್ಲು ಬೆಟ್ಟ ಇಳಿಯುತ್ತಿರಲಿಲ್ಲ. ತಮ್ಮ ಬೆಟ್ಟದ ಬಣ್ಣವನ್ನು ಮಹಾಮನೆಯ ಅಂಗಳಕ್ಕೆ ಒಯ್ಯುವುದರಲ್ಲಿ ಚುಸ್ಕಾದವರಿಗೆ ಬೇರೆ ಅರ್ಥವಿತ್ತೆಂದು ಊಹಿಸಲು ಆ ದಿಬ್ಬದ ಚಕ್ಕೆಗಳು ಸಾಕಷ್ಟು ಎಡೆ ಕೊಡುತ್ತವೆ.