ಟ್ರಾನ್ಸ್‌ರೇಶಿಯಲ್

ಲ್ಯಾಟಿನ್ನಿನ ‘ಟ್ರಾನ್ಸ್’ ಎಂದರೆ ಆಚೆಗೆ, ದಾಟಿ. ‘ರೇಸ್’ ಎಂದರೆ ಜನಾಂಗ. ದಾಟಿದವರು ಯಾರು ಎಂಬಲ್ಲೇ ಜಗಳ. ಅಮೆರಿಕದಲ್ಲಿ ಈ ಪದ ಬೇರೂರಿದ್ದು ದತ್ತು ಸ್ವೀಕಾರದ ಚರ್ಚೆಯಲ್ಲಿ: ಬಿಳಿಯರ ಮನೆಯಲ್ಲಿ ಬೆಳೆದ ಕಪ್ಪು ಅಥವಾ ಕೊರಿಯನ್ ಮಗುವಿನ ದತ್ತು ‘ಟ್ರಾನ್ಸ್‌ರೇಶಿಯಲ್’. 1972ರಲ್ಲಿ ಕಪ್ಪು ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ ಕಪ್ಪು ಮಕ್ಕಳ ಇಂಥ ದತ್ತುವನ್ನು ಕಟುವಾಗಿ ವಿರೋಧಿಸಿತ್ತು.

2015ರ ಜೂನ್‌ನಲ್ಲಿ ಪದದ ದಿಕ್ಕೇ ಬದಲಾಯಿತು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಎನ್‌ಎಎಸಿಪಿ ಎಂಬ ಕಪ್ಪು ಜನರ ಹಕ್ಕುಗಳ ಸಂಘಟನೆಯ ಶಾಖೆಯ ಅಧ್ಯಕ್ಷೆಯಾಗಿದ್ದ, ಕಪ್ಪು ಮಹಿಳೆಯೆಂದೇ ಪರಿಚಿತರಾಗಿದ್ದ ರೇಚಲ್ ಡೊಲೆಜಾಲ್ ಬಿಳಿಯರ ಮಗಳು ಎಂದು ಹೆತ್ತವರೇ ಬಾಯಿಬಿಟ್ಟರು. ಆಕೆ ಹುದ್ದೆ ಬಿಟ್ಟರು, ‘ಕಪ್ಪು ಎಂದೇ ಗುರುತಿಸಿಕೊಳ್ಳುತ್ತೇನೆ’ ಎಂಬ ಮಾತನ್ನು ಬಿಡಲಿಲ್ಲ. ‘ಟ್ರಾನ್ಸ್‌ಜೆಂಡರ್’ ಪದದ ಜಾಡು ಹಿಡಿದು ಆಕೆಗೂ ‘ಟ್ರಾನ್ಸ್‌ರೇಶಿಯಲ್’ ಎಂಬ ಹೆಸರು ಅಂಟಿತು. ದತ್ತು ಮಕ್ಕಳಾಗಿ ಬೆಳೆದವರು ಸಿಟ್ಟಾದರು. ತಮ್ಮ ಬದುಕಿನ ಪದವನ್ನು ಬೇರೆಯವರು ಎತ್ತಿಕೊಂಡು ಹೋದರೆ ಯಾರಿಗೆ ಸಿಟ್ಟು ಬಾರದು?

ಇದಕ್ಕಿಂತ ಹಳೆಯ ‘ಪಾಸಿಂಗ್’ ಬೇರೆಯೇ. ವರ್ಣಭೇದದ ಕಾನೂನುಗಳಿದ್ದ ಕಾಲದಲ್ಲಿ ತಿಳಿಬಣ್ಣದ ಕೆಲವು ಕಪ್ಪು ಜನ ಕೆಲಸಕ್ಕಾಗಿ, ಸುರಕ್ಷತೆಗಾಗಿ ಬಿಳಿಯರೆಂದು ನಡೆದುಕೊಳ್ಳುತ್ತಿದ್ದರು. ಅದು ಗುಟ್ಟಿನ ವ್ಯವಹಾರ, ಘೋಷಣೆಯಲ್ಲ.

2017ರಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕಿ ರೆಬೆಕಾ ಟುವೆಲ್ ‘ಹೈಪೇಶಿಯಾ’ ಪತ್ರಿಕೆಯಲ್ಲಿ ಡೊಲೆಜಾಲ್ ಪ್ರಕರಣದಿಂದ ಬಂದ ಹೊಸ ಅರ್ಥದ ‘ಟ್ರಾನ್ಸ್‌ರೇಶಿಯಲ್’ ಗುರುತನ್ನು ಸಮರ್ಥಿಸಿದರು. ಲೇಖನ ಹಿಂತೆಗೆಯಿರೆಂದು ನೂರಾರು ಮಂದಿ ಸಹಿ ಹಾಕಿದರು, ಪತ್ರಿಕೆ ಹಿಂತೆಗೆಯಲಿಲ್ಲ.